ಕ್ಯಾಮೆರಾ ಬ್ಯಾಗು ಮತ್ತು ನನ್ನ ಎಡಹೆಗಲು

ಬ್ಯಾಗಿನ ಬಗ್ಗೆ ಬರೆಯಲು ಕೂತಿದ್ದೇನೆ ಎಂದಾಗ ನನ್ನ ಹೆಂಡತಿ ಜಯಲಕ್ಷ್ಮಿ ನಕ್ಕುಬಿಟ್ಟಳು. ಮೂವತ್ತಮೂರು ವರ್ಷ ಗುಡಿ, ಶಾಸನ, ಕೆರೆ, ಕೋಟೆ ಅಂತ ಸುತ್ತಿ ಫೋಟೋ ತೆಗೆದ ಮನುಷ್ಯನಿಗೆ ಬರೆಯುವುದಕ್ಕೆ ಬ್ಯಾಗೇ ಸಿಕ್ಕಿತಾ ಎಂದು ಕೇಳಿದಳು. ಹೌದು, ಬ್ಯಾಗೇ ಸಿಕ್ಕಿತು. ಕ್ಯಾಮೆರಾ ಬಗ್ಗೆ, ಲೆನ್ಸಿನ ಬಗ್ಗೆ ಹೇಳುವವರು ಈಗ ಬೀದಿಗೊಬ್ಬರಿದ್ದಾರೆ. ಅದನ್ನೆಲ್ಲ ಹೊರುವ ಬೆನ್ನಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೂ ಯಾರೂ ಹೇಳಲಿಲ್ಲ. ಅದರ ಫಲ, ಇವತ್ತು ನನ್ನ ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಅಂಗಿ ಹಾಕಿಕೊಳ್ಳುವಾಗ ಮೊದಲು ಎಡತೋಳು, ಆಮೇಲೆ ಬಲತೋಳು. ಈ ಕ್ರಮ ತಪ್ಪಿದರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೇನೆ, ಜಯಲಕ್ಷ್ಮಿ ಬಂದು ಬಿಡಿಸಬೇಕು.

ಆದರೆ ನನ್ನನ್ನು ಬರೆಯಲು ಕೂರಿಸಿದ್ದು ನನ್ನ ಹೆಗಲಲ್ಲ, ಸವಿತಳ ಹೆಗಲು. ನಾನು ನಿವೃತ್ತನಾದ ಜಾಗಕ್ಕೆ ಫೋಟೋಗ್ರಾಫರಾಗಿ ಬಂದವಳು ಅವಳು. ಬೆಳಗೊಳದ ಒಕ್ಕಲು ಮನೆಯ ಹುಡುಗಿ. ಚಿಕ್ಕಂದಿನಲ್ಲಿ ಡೈರಿಗೆ ಹಾಲಿನ ಕ್ಯಾನು ಹೊತ್ತು ಹಾಕಿದ ಗಟ್ಟಿಗಿತ್ತಿ. ಹಳೆಯ ಕಟ್ಟಡಗಳ ದಾಖಲೆ ಮಾಡುವ ನಮ್ಮ ಇಲಾಖೆಯಲ್ಲಿ ಈ ಕೆಲಸಕ್ಕೆ ಹೆಣ್ಣುಮಗಳು ಬಂದದ್ದು ಇದೇ ಮೊದಲು. ಮನೆಯವರು ನೆರಳಲ್ಲಿ ಕೂರುವ ಕೆಲಸ ನೋಡಿಕೋ ಎಂದರೂ ಕೇಳದೆ, ಬಿಸಿಲಲ್ಲಿ ಅಲೆಯುವ ಕೆಲಸವೇ ಬೇಕೆಂದು ಪರೀಕ್ಷೆ ಬರೆದು ಬಂದಿದ್ದಳು.

ಕೆಲಸಕ್ಕೆ ಸೇರಿ ಎಂಟೊಂಬತ್ತು ತಿಂಗಳಾಗಿರಬೇಕು, ಒಂದು ಭಾನುವಾರ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಳು. ಕೂತವಳು ಬಲಗೈ ಬೆರಳುಗಳನ್ನು ಎಡಗೈಯಲ್ಲಿ ಹಿಸುಕಿಕೊಳ್ಳುತ್ತಲೇ ಇದ್ದಳು. ನನಗೆ ಆ ಹಿಸುಕಾಟ ಗೊತ್ತು. ಜೋಮು ಹಿಡಿಯುತ್ತದಾ ಎಂದು ಕೇಳಿದ್ದೇ ತಡ, ಕಣ್ಣಲ್ಲಿ ನೀರು ಬಂತು. ಎರಡು ಕಡೆಯ ಫೋಟೋಗಳು ಕೈ ನಡುಗಿ ಮಸುಕಾಗಿದ್ದವಂತೆ. ಮಂಡ್ಯದ ಡಾಕ್ಟರು ಹೆಗಲ ಹತ್ತಿರ ನರ ಒತ್ತಿದೆ, ಹೊರೆ ಇಳಿಸು, ಇಲ್ಲವಾದರೆ ಜೋಮು ಕಾಯಂ ಆಗುತ್ತದೆ ಎಂದಿದ್ದರು. ಅವಳ ಆಫೀಸಿನ ಸಾಹೇಬರು ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರಿದ್ದಾರೆ. ಮುಂದಿನದು ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ, ಅದೂ ಕೆಟ್ಟರೆ ಹೊರಗಿನ ಕೆಲಸ ಗುತ್ತಿಗೆಯವರಿಗೆ ಕೊಟ್ಟು ನಿನ್ನನ್ನು ಕಡತದ ಕೋಣೆಗೆ ಹಾಕಬೇಕಾಗುತ್ತದೆ ಎಂದು ಹೇಳಿದ್ದರು.

"ಯಾವ ಬ್ಯಾಗ್ ತಗೊಳ್ಳಲಿ ಯೋಳಿ ಸಾರ್," ಎಂದಳು. "ಇದೂ ಕೆಟ್ಟೋದ್ರೆ ನನ್ನ ಆಫೀಸಲ್ಲೇ ಕೂರುಸ್ಬುಡ್ತಾರೆ."

ಬ್ಯಾಗಿನ ವಿಷಯ ನನಗೆ ಬಿಡು ತಾಯಿ ಎಂದೆ. ಆ ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು, ಒಪ್ಪಿಕೊಳ್ಳುತ್ತೇನೆ. ಅವತ್ತು ಅವಳಿಗೆ ಹೇಳಿದ್ದನ್ನು ಈ ಕೆಲಸಕ್ಕೆ ಬರುವ ಮಿಕ್ಕ ಮಕ್ಕಳಿಗೂ ಹೇಳೋಣ ಎಂದು ಬರೆಯುತ್ತಿದ್ದೇನೆ.

ನನಗೆ ಇಲಾಖೆ ಕೊಟ್ಟ ಮೊದಲ ಬ್ಯಾಗು ಬ್ಯಾಗೇ ಅಲ್ಲ, ಚರ್ಮ ಹೊದಿಸಿದ ಪೆಟ್ಟಿಗೆ. ಅದಕ್ಕೆ ಒಂದೇ ಪಟ್ಟಿ. ಒಳಗೆ ರೀಲು ಹಾಕುವ ಎರಡು ಕ್ಯಾಮೆರಾ, ಮೂರು ಲೆನ್ಸು, ಇಟ್ಟಿಗೆಯಷ್ಟು ತೂಕದ ಫ್ಲಾಶು. ಬಲಗೈ ಕ್ಯಾಮೆರಾ ಹಿಡಿಯಬೇಕಲ್ಲ, ಹಾಗಾಗಿ ಪೆಟ್ಟಿಗೆ ಎಡಹೆಗಲಿಗೆ ಬಂತು. ಪಟ್ಟಿ ಜಾರದಿರಲಿ ಅಂತ ಎಡಹೆಗಲನ್ನು ಎತ್ತಿ ಹಿಡಿದೇ ನಡೆಯುತ್ತಿದ್ದೆ. ಮದುವೆಯಾದ ಹೊಸದರಲ್ಲಿ ನನ್ನ ಅಂಗಿಗಳೆಲ್ಲ ಎಡಹೆಗಲ ಹತ್ತಿರವೇ ಸವೆದಿರುವುದನ್ನು ಕಂಡು ಜಯಲಕ್ಷ್ಮಿ, ನೀವೇನು ಒಂಟಿ ಎತ್ತಾ ಎಂದು ಕೇಳಿದ್ದಳು. ಬೀದಿಯವರಿಗೆ ಹೆಸರಿಡುವುದಕ್ಕೆ ಅಷ್ಟು ಸಾಕಾಯಿತು. ನನ್ನ ಹುಟ್ಟೂರು ಕೃಷ್ಣರಾಜಪೇಟೆಯ ಅಕ್ಕಸಾಲಿಗರ ಬೀದಿಯಲ್ಲಿ ವಾಲಾಚಾರಿ, ಅಂದರೆ ವಾಲಿಕೊಂಡು ನಡೆಯುವ ಆಚಾರಿ, ಎಂದರೆ ನಾನೇ. ಒಂದೇ ಪಟ್ಟಿಯ ಬ್ಯಾಗು ಪಟ್ಟಣದಲ್ಲಿ ಒಂದು ಗಂಟೆಯ ಕೆಲಸಕ್ಕೆ ಸರಿ. ಬೆಟ್ಟ, ಬಯಲು, ಏರಿ ಅಂತ ದಿನವಿಡೀ ತಿರುಗುವವರಿಗೆ ಎರಡು ಪಟ್ಟಿ ಬೇಕೇ ಬೇಕು. ಇದನ್ನು ತಿಳಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು, ದಡ್ಡನಿಗೆ ದಿನಗಳೇ ಗುರು.

ಏನು ತುಂಬಬೇಕು ಎಂಬುದನ್ನು ಕಲಿಸಿದವರು ನರಸಿಂಹಯ್ಯನವರು. ನನ್ನ ಮೇಲಿನ ಅಧಿಕಾರಿಗಳಲ್ಲಿ ನಾನು ಇವತ್ತಿಗೂ ಮನಸ್ಸಿನಲ್ಲಿ ಕೈಮುಗಿಯುವವರು ಅವರೊಬ್ಬರೇ. ಬೈಯುತ್ತಿರಲಿಲ್ಲ, ನೋಡುತ್ತಿದ್ದರು. ಒಮ್ಮೆ ಪಾಂಡವಪುರದ ತೊಣ್ಣೂರು ಕೆರೆಯ ಏರಿ ಮೇಲೆ ಕೆಲಸ ಮುಗಿಸಿ ಜೀಪಿನ ಹತ್ತಿರ ಬಂದಾಗ ಬ್ಯಾಗು ತೆಗೆಯಿರಿ ಎಂದರು. ಜೀಪಿನ ಬಾನೆಟ್ಟಿನ ಮೇಲೆ ಒಂದೊಂದಾಗಿ ಸಾಮಾನು ಜೋಡಿಸಿದೆ. ಲೆನ್ಸುಗಳು, ಮೂರು ಥರದ ವೈರು, ಟಾರ್ಚು, ಹಳೆಯ ಬ್ಯಾಟರಿ, ಇರಲಿ ಅಂತ ಇಟ್ಟ ಸ್ಕ್ರೂಡ್ರೈವರು, ಜಯಲಕ್ಷ್ಮಿ ಎಂದೋ ಕೊಟ್ಟ ನಿಪ್ಪಟ್ಟಿನ ಪುಡಿ. ಹದಿನೇಳು ಸಾಮಾನಾಯಿತು.

"ಆಚಾರ್ರೆ, ಇದರಲ್ಲಿ ಇವತ್ತು ಯಾವುದು ಕೈಗೆ ಬಂತು?" ಎಂದು ಕೇಳಿದರು.

ಐದು ತೋರಿಸಿದೆ. ಅವರು ಮಿಕ್ಕ ಹನ್ನೆರಡನ್ನು ತಮ್ಮ ಟವೆಲಿನಲ್ಲಿ ಗಂಟು ಕಟ್ಟಿ, ಗಂಟನ್ನು ನನ್ನ ಕೈಗೆ ಕೊಟ್ಟರು. ಇದನ್ನು ನೀವು ಇವತ್ತು ಸುಮ್ಮನೆ ಹೊತ್ತು ಸುತ್ತಿದ್ದೀರಿ, ಎಷ್ಟು ತೂಕವಿದೆ ನೋಡಿ ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಬ್ಯಾಗಿನ ವಿಷಯದಲ್ಲಿ ಮನುಷ್ಯ ಆ ಗಾದೆಯನ್ನು ಅತಿ ಶ್ರದ್ಧೆಯಿಂದ ಪಾಲಿಸುತ್ತಾನೆ, ಬ್ಯಾಗು ಇದ್ದಷ್ಟೂ ತುಂಬುತ್ತಾನೆ. ಅದಕ್ಕೇ ಹೇಳುವುದು, ಬ್ಯಾಗು ಕೊಳ್ಳಲು ಹೋಗುವ ಮುಂಚೆ ದಿನಾ ಬೇಕಾಗುವ ಸಾಮಾನನ್ನು ಮನೆಯಲ್ಲಿ ಚಾಪೆ ಮೇಲೆ ಹರಡಿ ನೋಡಿ. ಅದಕ್ಕೆ ಸರಿಯಾಗುವಷ್ಟು, ಜೊತೆಗೊಂದು ನೀರಿನ ಬಾಟಲಿ ಹಿಡಿಸುವಷ್ಟು ಬ್ಯಾಗು ಸಾಕು. ರೀಲು ಹೋಗಿ ಡಿಜಿಟಲ್ ಬಂದಾಗ ಹೊರೆ ಅರ್ಧವಾಯಿತು ಎಂದು ನಾವೆಲ್ಲ ಕುಣಿದೆವು. ಎರಡೇ ವರ್ಷದಲ್ಲಿ ಲ್ಯಾಪ್‌ಟಾಪು, ಚಾರ್ಜರು, ಹಾರ್ಡ್ ಡಿಸ್ಕು ಸೇರಿ ಮೊದಲಿನ ತೂಕಕ್ಕೇ ಬಂದು ನಿಂತಿತು.

ಎರಡು ಪಟ್ಟಿಯ ಬ್ಯಾಗನ್ನು ನಾನು ಕೊಂಡದ್ದು ಮೈಸೂರಿನ ದೊಡ್ಡ ಅಂಗಡಿಯಲ್ಲಿ. ಅದು ನನ್ನ ಬದುಕಿನ ದೊಡ್ಡ ಪೆದ್ದುತನಗಳಲ್ಲಿ ಒಂದು. ಖಾಲಿ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಹೂವಿನಷ್ಟು ಹಗುರ. ಅಂಗಡಿಯ ಹುಡುಗಿ ಚೆನ್ನಾಗಿ ಕಾಣುತ್ತದೆ ಸಾರ್ ಎಂದಳು, ಅಷ್ಟಕ್ಕೇ ಹಿಗ್ಗಿಹೋದೆ. ಮಾರನೆಯ ವಾರ ಸಾಮಾನು ತುಂಬಿಕೊಂಡು ಮೇಲುಕೋಟೆಯ ಬೆಟ್ಟದ ಮೆಟ್ಟಿಲು ಹತ್ತಿದಾಗ ಬ್ಯಾಗು ತನ್ನ ಬಣ್ಣ ತೋರಿಸಿತು. ಪಟ್ಟಿಗಳು ಕಿರಿದಾಗಿದ್ದವು, ಹೆಗಲು ಕೊಯ್ದವು. ಬ್ಯಾಗು ನನ್ನ ಬೆನ್ನಿಗಿಂತ ಉದ್ದವಾಗಿತ್ತು, ಹೆಜ್ಜೆ ಹೆಜ್ಜೆಗೂ ಕೆಳಗೆ ತಟ್ಟುತ್ತಿತ್ತು. ಅರ್ಧ ಬೆಟ್ಟದಲ್ಲಿ ಕೋತಿಗಳು ಕೂತು ನನ್ನನ್ನೇ ನೋಡುತ್ತಿದ್ದವು. ಅಂಗಡಿಯಲ್ಲಿ ನಾಚಿಕೆ ಬಿಡಿ. ನಿಮ್ಮ ಸಾಮಾನನ್ನೇ ತೆಗೆದುಕೊಂಡು ಹೋಗಿ, ಬ್ಯಾಗಿಗೆ ತುಂಬಿ, ಅಲ್ಲೇ ಅರ್ಧ ಗಂಟೆ ಓಡಾಡಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು ಏಳಿ. ಅಂಗಡಿಯವನು ಮುಖ ಸಿಂಡರಿಸಿದರೆ ಬೇರೆ ಅಂಗಡಿಗೆ ಹೋಗಿ.

ಆ ಬ್ಯಾಗಿನ ಇನ್ನೊಂದು ದೋಷ ತಿಳಿದದ್ದು ಸಂತೆಬಾಚಹಳ್ಳಿಯಲ್ಲಿ. ಅದರ ಬಾಯಿ ಬೆನ್ನಿನ ಕಡೆಗಲ್ಲದೆ ಹೊರಗಡೆಗೆ ತೆರೆಯುತ್ತಿತ್ತು. ಸಂತೆಯ ದಿನ ಗುಡಿಯ ಕೆಲಸ ಮುಗಿಸಿ, ಜಿಪ್ಪು ಎಳೆದಿದ್ದೇನೆ ಎಂದುಕೊಂಡು ಬಸ್ಸಿಗೆ ಓಡುತ್ತಿದ್ದೆ. ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. ತಿರುಗಿ ನೋಡಿದರೆ ಅವಳ ಕೈಯಲ್ಲಿ ನನ್ನ ಲೆನ್ಸು.

"ಅಪ್ಪಾ, ನಿನ್ನ ಚೀಲ ಬಾಯಿ ಬುಟ್ಕಂಡದೆ ನೋಡು. ನನ್ನ ಬದ್ನೆಕಾಯಿ ಮ್ಯಾಲೆ ಗಾಜಿನ ಲೋಟ ಉದುರುಸ್ಬುಟ್ಟು ಓಯ್ತಾ ಇದ್ದೀಯಲ್ಲ."

ಮೆತ್ತನೆಯ ಬದನೆಕಾಯಿ ಗುಡ್ಡೆಯ ಮೇಲೆ ಬಿದ್ದದ್ದರಿಂದ ಲೆನ್ಸಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಅದನ್ನು ತನ್ನ ಸೆರಗಿನಲ್ಲಿ ಒರೆಸಿ ಒರೆಸಿ ಕೊಟ್ಟಳು. ಹಾಗೆ ಒರೆಸಿದ್ದಕ್ಕೆ ಬಿದ್ದ ಗೆರೆಗಳು ಕೊನೆಯವರೆಗೂ ಇದ್ದವು. ಅವಳನ್ನು ನೆನೆದಾಗಲೆಲ್ಲ ನನಗೆ ಪ್ರೀತಿಯೇ ಬರುತ್ತದೆ. ಬಾಯಿ ಬೆನ್ನಿನ ಕಡೆಗೆ ತೆರೆಯುವ ಬ್ಯಾಗನ್ನೇ ಆರಿಸಿಕೊಳ್ಳಿ. ಹಾಕಿಕೊಂಡಾಗ ಅದು ತಾನಾಗಿ ಮುಚ್ಚಿರುತ್ತದೆ, ಕಳ್ಳನ ಕೈಯೂ ಹೋಗುವುದಿಲ್ಲ, ಲೆನ್ಸೂ ಬೀಳುವುದಿಲ್ಲ.

ಬ್ಯಾಗಿನ ನಿಜವಾದ ಗುಟ್ಟು ಹೇಳಿಕೊಟ್ಟವರು ಯಾವ ಫೋಟೋಗ್ರಾಫರೂ ಅಲ್ಲ. ಶ್ರೀರಂಗಪಟ್ಟಣದಲ್ಲಿ ಟ್ರಾಕ್ಟರು, ಬೈಕುಗಳ ಸೀಟು ಹೊಲಿಯುವ ರಹಮತ್ ಭಾಯಿ. ಮೈಸೂರಿನ ಬ್ಯಾಗನ್ನು ಅವರ ಅಂಗಡಿಗೆ ಒಯ್ದು, ಹೆಗಲ ಪಟ್ಟಿಗೆ ಇನ್ನಷ್ಟು ಸ್ಪಂಜು ಹಾಕಿಕೊಡಿ ಎಂದೆ. ಅವರು ಬ್ಯಾಗನ್ನು ಮುಟ್ಟಲೇ ಇಲ್ಲ. ನನ್ನನ್ನು ತಿರುಗಿಸಿ ನಿಲ್ಲಿಸಿ ಬೆನ್ನು ನೋಡಿದರು.

"ಸೀಟ್ ಒಲಿಯೋವಾಗ ನಾನು ಗಾಡಿ ನೋಡಲ್ಲ ಸಾಬ್, ಕೂರೋರ್ನ ನೋಡ್ತೀನಿ," ಎಂದರು. "ನಿಮ್ದು ವಜನೆಲ್ಲ ಎಗಲ ಮೇಲೆ ಕೂತದೆ. ಸೊಂಟಕ್ಕೆ ಇಳುಸ್ಬೇಕು."

ಕತ್ತಿನ ಹಿಂದೆ ಕೈಗೆ ಸಿಗುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ಟೇಪು ಹಿಡಿದು ಅಳೆದರು. ಬ್ಯಾಗಿನ ಉದ್ದ ಮನುಷ್ಯನ ಎತ್ತರಕ್ಕಲ್ಲ, ಈ ಅಳತೆಗೆ ಹೊಂದಬೇಕು. ಆಮೇಲೆ ಕೆಳಗೆ ಅಂಗೈ ಅಗಲದ ಸೊಂಟಪಟ್ಟಿ ಹೊಲಿದು, ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿದರು. ಭಾರದ ಲೆನ್ಸು ತಳದಲ್ಲಿ ಬೇಡ, ಬೆನ್ನಿಗೆ ತಾಗಿ ನಡುಮಧ್ಯ ಇರಲಿ ಎಂದರು. ಹಾಕಿಕೊಂಡು ನಿಂತರೆ ನನಗೆ ನಗು ಬಂತು. ನಮ್ಮ ಹೆಂಗಸರು ತುಂಬಿದ ಕೊಡವನ್ನು ಸೊಂಟಕ್ಕೆ ಇಟ್ಟು ಮೈಲಿಗಟ್ಟಲೆ ಮಾತಾಡಿಕೊಂಡು ಬರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿಯೂ ಬುದ್ಧಿ ಬಂದಿರಲಿಲ್ಲ. ಹೆಗಲ ಪಟ್ಟಿ ಇರುವುದು ಬ್ಯಾಗು ಹಿಂದಕ್ಕೆ ಬೀಳದಂತೆ ತಡೆಯುವುದಕ್ಕೆ ಮಾತ್ರ. ಅದರ ಕೆಳಗೆ ಎರಡು ಬೆರಳು ತೂರುವಂತಿದ್ದರೆ ಸರಿಯಾಗಿ ಕಟ್ಟಿದ್ದೀರಿ ಎಂದರ್ಥ.

ಇಷ್ಟೆಲ್ಲ ಗೊತ್ತಾದ ಮೇಲೂ ನನ್ನ ಹೆಗಲು ಯಾಕೆ ಉಳಿಯಲಿಲ್ಲ ಎಂದು ಕೇಳಬೇಕು ನೀವು. ಅದಕ್ಕೆ ನನ್ನ ಅಪ್ಪನ ಕಥೆ ಹೇಳಬೇಕು.

ಅಪ್ಪ ಅಕ್ಕಸಾಲಿ. ನಮ್ಮ ಮನೆಯಲ್ಲಿ ಚಿಮಟ, ಸುತ್ತಿಗೆ, ತಕ್ಕಡಿಗೆಲ್ಲ ಒಂದು ಹಲಸಿನ ಮಣೆ ಇತ್ತು. ಸಾಮಾನು ಮಣೆಯ ಮೇಲಿರಬೇಕು, ಇಲ್ಲವೇ ಕೈಯಲ್ಲಿರಬೇಕು. ಬರಿನೆಲಕ್ಕೆ ತಾಗುವಂತಿಲ್ಲ. ನಾನು ಏಳೆಂಟು ವರ್ಷದವನಿದ್ದಾಗ ತಕ್ಕಡಿಯನ್ನು ಜಗಲಿಯ ನೆಲದ ಮೇಲೆ ಇಟ್ಟು ಆಡುತ್ತಿದ್ದೆ. ಅಪ್ಪ ಹೊಡೆಯಲಿಲ್ಲ. ತಕ್ಕಡಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ಲೇ, ಅನ್ನ ಕೊಡೋ ಸಾಮಾನು ಕಣ್ಲಾ ಇದು. ನೆಲಕ್ಕಿಕ್ಕಿದ್ರೆ ಅನ್ನಾನೇ ನೆಲಕ್ಕಿಕ್ಕಿದಂಗೆ," ಎಂದರು. ಅವರ ಕುಲುಮೆಯ ಮುಂದೆ ನಾನು ಕೂರಲಿಲ್ಲ, ಕ್ಯಾಮೆರಾ ಹಿಡಿದು ಹೊರಟೆ. ಅದು ಅವರಿಗೆ ನೋವಾಗಿತ್ತು. ಕಸುಬು ಬಿಟ್ಟವನು ಕಸುಬಿನ ಮರ್ಯಾದೆಯನ್ನಾದರೂ ಉಳಿಸಿಕೊಳ್ಳಬೇಕು ಎಂದು ನಾನೇ ಒಂದು ನೇಮ ಮಾಡಿಕೊಂಡೆ. ಕ್ಯಾಮೆರಾ ಬ್ಯಾಗನ್ನು ಒಂದು ದಿನವೂ ನೆಲಕ್ಕಿಡಲಿಲ್ಲ. ಮೇಜು, ಜೀಪು, ಗೋಡೆಯ ಗೂಟ, ಯಾವುದೂ ಇಲ್ಲದಿದ್ದರೆ ನನ್ನ ಮೈ.

ನಾಗಮಂಗಲದ ಕಡೆ ಒಂದು ಹೊಲದಲ್ಲಿ ವೀರಗಲ್ಲು ಸಿಕ್ಕಿದಾಗ ಅದನ್ನು ಮಣ್ಣಿನಿಂದ ಬಿಡಿಸುವುದಕ್ಕೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಸುತ್ತ ಒಂದು ಮರವಿಲ್ಲ, ಜೀಪು ದೂರದಲ್ಲಿ. ಅಷ್ಟು ಹೊತ್ತೂ ಬ್ಯಾಗು ಹೊತ್ತೇ ನಿಂತಿದ್ದೆ. ನಿಂತಲ್ಲೇ ನಿಂತಾಗ ಸೊಂಟಪಟ್ಟಿ ಹೊಟ್ಟೆ ಹಿಡಿಯುತ್ತದೆ, ಬಿಚ್ಚಿಬಿಡುತ್ತೇವೆ, ಭಾರವೆಲ್ಲ ಮತ್ತೆ ಹೆಗಲಿಗೆ ಬರುತ್ತದೆ. ನರಸಿಂಹಯ್ಯನವರು ಕೆಳಗಿಡಿ ಆಚಾರ್ರೆ ಎಂದು ಎರಡು ಸಲ ಹೇಳಿದರು. ಅನ್ನ ಕೊಡುವ ಸಾಮಾನು ಸಾರ್ ಎಂದೆ. ಅಲ್ಲಿದ್ದ ಆಳುಗಳೆಲ್ಲ ನನ್ನನ್ನು ಗೌರವದಿಂದ ನೋಡಿದರು. ಅವತ್ತು ಸಂಜೆ ಮೊದಲ ಸಲ ನನ್ನ ಎಡಗೈ ಪೂರಾ ಜೋಮು ಹಿಡಿದು, ತುತ್ತು ಕಲಸುವಾಗ ತಟ್ಟೆ ಹಿಡಿಯಲಾಗಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹೊರಗಿನ ಕೆಲಸ ತಪ್ಪಿಹೋಗುತ್ತದೆ ಎಂಬ ಭಯ. ಎಣ್ಣೆ ತಿಕ್ಕುತ್ತಿದ್ದ ಜಯಲಕ್ಷ್ಮಿಗೆ ಮಾತ್ರ ಗೊತ್ತಿತ್ತು. ಹೆಗಲು ಇಲಾಖೆಗೆ, ನೋವು ನನಗೆ ಎಂದು ಗೊಣಗುತ್ತಿದ್ದಳು.

ನಿವೃತ್ತನಾಗುವ ವಾರ ಸವಿತಳಿಗೆ ಕೆಲಸ ವಹಿಸಿಕೊಟ್ಟಾಗ ಈ ವೀರಗಲ್ಲಿನ ಕಥೆಯನ್ನು ಹೆಮ್ಮೆಯಿಂದ ಹೇಳಿದೆ. ಅಪ್ಪನ ಮಾತನ್ನೂ ಹೇಳಿದೆ. ಸಂಜೆಯ ತಟ್ಟೆಯ ವಿಷಯ ಹೇಳಲಿಲ್ಲ.

ಈಗ ಅವಳ ಹೊಸ ಬ್ಯಾಗಿಗೆ ಬರೋಣ. ರಹಮತ್ ಭಾಯಿಗೆ ಈಗ ಕಣ್ಣು ಮಂಜು, ಆದರೂ ಟೇಪು ಹಿಡಿದು ಅವರೇ ಬಂದರು. ಸವಿತಳ ಬೆನ್ನಿನ ಅಳತೆ ನನ್ನದಕ್ಕಿಂತ ನಾಲ್ಕು ಬೆರಳು ಗಿಡ್ಡ. ಅವಳು ಇಷ್ಟು ದಿನ ಹೊತ್ತದ್ದು ನಾನು ಬಿಟ್ಟುಬಂದ ನನ್ನ ಅಳತೆಯ ಬ್ಯಾಗು. ಸೊಂಟಪಟ್ಟಿ ಅವಳ ತೊಡೆಯ ಹತ್ತಿರ ಬರುತ್ತಿತ್ತಂತೆ, ಹಾಗಾಗಿ ಕಟ್ಟುತ್ತಲೇ ಇರಲಿಲ್ಲ. ಮೂವರೂ ಮೈಸೂರಿಗೆ ಹೋಗಿ ಮೂರು ಅಂಗಡಿ ಹತ್ತಿಳಿದೆವು. ಅವಳ ಅಳತೆಗೆ ಹೊಂದುವ, ಬೆನ್ನಿನ ಕಡೆ ಬಾಯಿ ಇರುವ, ಮಳೆಗೆ ಹೊದಿಕೆ ಇರುವ, ಮಾಸಲು ಬಣ್ಣದ ಒಂದನ್ನು ಆರಿಸಿದೆವು. ರಹಮತ್ ಭಾಯಿ ಅದರ ಎದೆಪಟ್ಟಿಯನ್ನು ಬಿಚ್ಚಿ ಹೆಣ್ಣುಮಕ್ಕಳಿಗೆ ಹಿತವಾಗುವಷ್ಟು ಮೇಲಕ್ಕೆ ಹೊಲಿದುಕೊಟ್ಟರು. ಸಾಮಾನು ತುಂಬಿಸಿ ಸವಿತಳನ್ನು ಶ್ರೀರಂಗಪಟ್ಟಣದ ಕೋಟೆಯ ಗೋಡೆಗುಂಟ ಒಂದು ಗಂಟೆ ನಡೆಸಿದೆವು. ಬೆವರಿತ್ತು, ಆದರೆ ಮುಖ ಅರಳಿತ್ತು. ನಾವಿಬ್ಬರು ಮುದುಕರು ಮಗಳ ಮದುವೆ ಮುಗಿಸಿದವರ ಹಾಗೆ ಚಹಾ ಕುಡಿದೆವು.

ಹದಿನೈದು ದಿನದ ಮೇಲೆ ಫೋನು ಬಂತು. ಬೆನ್ನುನೋವು ಹೋಗಿದೆ, ಹೆಗಲೂ ಅರ್ಧ ವಾಸಿ, ಆದರೆ ಬೆರಳಿನ ಜೋಮು ಹೋಗಿಲ್ಲ ಎಂದಳು. ಹೊಸಹೊಳಲಿನಲ್ಲಿ ಮೊದಲ ದಿನ ತೆಗೆದ ಒಳಮಾಳಿಗೆಯ, ಅಂದರೆ ಒಳಗಿನ ಚಾವಣಿಯ, ಫೋಟೋಗಳೆಲ್ಲ ನಡುಗಿವೆಯಂತೆ. ದನಿ ಸೋತಿತ್ತು. ನನಗೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಎಲ್ಲಿ ತಪ್ಪಿದೆ, ಪಟ್ಟಿಯೋ, ಅಳತೆಯೋ? ಬೆಳಗ್ಗೆ ಮೊದಲ ಬಸ್ಸಿಗೇ ಹೊರಟು, ಕೃಷ್ಣರಾಜಪೇಟೆಯಲ್ಲಿ ಇಳಿದು ಹೊಸಹೊಳಲಿಗೆ ಹೋದೆ.

ಪೂಜೆ ಮುಗಿದು ಗುಡಿ ತಣ್ಣಗಿತ್ತು. ನುಣುಪಾದ ಕಪ್ಪು ಕಂಬಗಳ ನಡುವೆ ನಿಂತು ಸವಿತ ತಲೆ ಹಿಂದಕ್ಕೆ ಚಾಚಿ ಮಾಳಿಗೆಯ ಕೆತ್ತನೆಗೆ ಕ್ಯಾಮೆರಾ ಹಿಡಿದಿದ್ದಳು. ಬೆನ್ನ ಮೇಲೆ ತುಂಬಿದ ಬ್ಯಾಗು. ಹಿಂದಕ್ಕೆ ಬಾಗಿದಾಗ ಹೊಟ್ಟೆ ಹಿಡಿಯುತ್ತದೆಂದು ಸೊಂಟಪಟ್ಟಿ ಬಿಚ್ಚಿದ್ದಳು. ಭಾರವೆಲ್ಲ ಎರಡು ಹೆಗಲಿಂದ ಜೋತಾಡುತ್ತಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ನಾನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ನನಗೂ ಅರ್ಥವಾಗಿರಲಿಲ್ಲ, ಪೆದ್ದನ ಹಾಗೆ ಕೇಳಿದೆ, ಬ್ಯಾಗನ್ನು ಕೆಳಗಿಟ್ಟು ತೆಗೆಯಬಾರದೇ ಎಂದು.

"ಅದೆಂಗೆ ಸಾರ್?" ಎಂದಳು ತಿರುಗಿ. "ಅನ್ನ ಕೊಡೋ ಸಾಮಾನು ನೆಲಕ್ಕಿಕ್ಬಾರ್ದು ಅಂತ ನೀವೇ ಯೋಳಿದ್ರಲ್ಲ. ಒಂದ್ ದಿನಾನೂ ಇಕ್ಕಿಲ್ಲ."

ಆ ಮುಖದ ಮೇಲಿದ್ದ ಹೆಮ್ಮೆ ನನ್ನದೇ ಹೆಮ್ಮೆ. ಮೂರು ಅಂಗಡಿ ಸುತ್ತಿಸಿ, ಅಳತೆ ಹಿಡಿಸಿ, ಬೆನ್ನಿಗೆ ಒಗ್ಗುವ ಬ್ಯಾಗು ಕೊಡಿಸಿದೆ ಎಂದು ಬೀಗುತ್ತಿದ್ದವನು ನಾನು. ಅವಳ ಹೆಗಲ ಮೇಲೆ ಎಲ್ಲಕ್ಕಿಂತ ಭಾರವಾದದ್ದನ್ನು ಇಟ್ಟವನೂ ನಾನೇ. ಅಪ್ಪನಾದರೂ ಮಣೆಯ ಮುಂದೆ ಕೂತು ಕೆಲಸ ಮಾಡುತ್ತಿದ್ದರು, ಅವರ ಸಾಮಾನನ್ನು ಮಣೆ ಹೊರುತ್ತಿತ್ತು. ನಾನು ಮಣೆಯನ್ನು ಮರೆತು ನೇಮವನ್ನಷ್ಟೇ ಹೊತ್ತುಕೊಂಡು ಬಂದಿದ್ದೆ.

ನಾಗಮಂಗಲದ ಆ ಸಂಜೆಯ ತಟ್ಟೆಯ ವಿಷಯವನ್ನು ಅವಳಿಗೆ ಅಲ್ಲೇ ನಿಂತು ಹೇಳಿದೆ. ಎಡಗೈ ಎತ್ತಿ ತೋರಿಸಿದೆ, ಅದು ಎಲ್ಲಿಯವರೆಗೆ ಏಳುತ್ತದೋ ಅಲ್ಲಿಯವರೆಗೆ.

"ನೋವಿನ ಮಾತು ನುಂಗ್ಕಂಡು ಜಂಬದ ಮಾತಷ್ಟೇ ಯೋಳ್ಬುಟ್ಟೆ ಕಣವ್ವ," ಎಂದೆ. "ತಪ್ಪು ನಂದು. ಕೆಳಗಿಕ್ಕು."

ಅವಳು ನನ್ನ ಎಡಗೈಯನ್ನೇ ನೋಡಿದಳು. "ಬ್ಯಾರೆ ಯಾರಾದ್ರೂ ಯೋಳಿದ್ರೆ ಯಾವತ್ತೋ ಇಕ್ಬುಡ್ತಿದ್ದೆ ಸಾರ್. ನೀವಂದ್ರಿ ಅಂತ ಒತ್ಕಂಡೆ."

ಮಕ್ಕಳು ನಮ್ಮ ಮಾತನ್ನು ಕೇಳುವುದಿಲ್ಲ ಎಂದು ಗೊಣಗುತ್ತೇವಲ್ಲ, ಕೇಳುವ ಮಕ್ಕಳ ಮುಂದೆ ಎಷ್ಟು ಎಚ್ಚರವಾಗಿರಬೇಕು ಎಂದು ಅವತ್ತು ತಿಳಿಯಿತು. ಅವಳು ಹೆಗಲಿಂದ ಪಟ್ಟಿ ಜಾರಿಸಿದರೂ ಬ್ಯಾಗನ್ನು ಕೈಯಲ್ಲೇ ಹಿಡಿದು ನಿಂತಿದ್ದಳು, ಕೆಳಗಿಡಲು ಮನಸ್ಸು ಬರದೆ. ನಾನೇ ಬಲಗೈಯಲ್ಲಿ ತೆಗೆದುಕೊಂಡು, ಬರಿಯ ಕಲ್ಲಿನ ನೆಲದ ಮೇಲೆ ಇಟ್ಟೆ. ಇಟ್ಟಾಗ ಅಪ್ಪನ ಮುಖ ಕಣ್ಣ ಮುಂದೆ ಬಂತು. ಅಪ್ಪ ಬೈಯಲಿಲ್ಲ. ಮಗು ಮೊದಲು ಎಂದೇ ಅವರೂ ಅನ್ನುತ್ತಿದ್ದರು, ನನಗೆ ಅಷ್ಟು ಗೊತ್ತು.

ಸವಿತ ಹೆಗಲು ತಿರುಗಿಸಿಕೊಂಡಳು, ಬೆರಳು ಹಿಸುಕಿಕೊಂಡಳು. ಮಾಳಿಗೆ ನೋಡಿದಳು, ನೆಲ ನೋಡಿದಳು. ಆಮೇಲೆ ಕಾಲು ಗರ್ಭಗುಡಿಯ ಕಡೆ ಆಗದಂತೆ ತಿರುಗಿಕೊಂಡು, ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಎರಡು ಮೊಣಕೈಯನ್ನೂ ಪಕ್ಕೆಗೆ ಒತ್ತಿ ಕ್ಯಾಮೆರಾ ಹಿಡಿದಳು. ಬೆನ್ನು ಈಗ ಖಾಲಿ ಅದೆಯಲ್ಲ ಸಾರ್ ಎಂದಳು.

ನಾನು ಅದೇ ಮಾಳಿಗೆಯನ್ನು ಎಷ್ಟು ಸಲ ತೆಗೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕತ್ತು ಮುರಿಯುವಷ್ಟು ಬಾಗಿಯೇ ತೆಗೆದೆ. ಮಲಗಿ ತೆಗೆಯಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬೆನ್ನ ಮೇಲೆ ಬ್ಯಾಗಿದ್ದವನಿಗೆ ಹೇಗೆ ಹೊಳೆಯಬೇಕು? ಅವಳು ಕ್ಯಾಮೆರಾದ ಪರದೆಯಲ್ಲಿ ಫೋಟೋ ಹಿಗ್ಗಿಸಿ ತೋರಿಸಿದಳು. ಕೆತ್ತನೆಯ ನಡುವಿನ ಕಮಲದ ಮೊಗ್ಗಿನ ಒಂದೊಂದು ಎಸಳೂ ಸ್ಪಷ್ಟವಾಗಿ ನಿಂತಿತ್ತು. ಎಲ್ಲೂ ನಡುಗಿರಲಿಲ್ಲ. ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ.

ಕೆಲಸ ಇನ್ನೂ ಎರಡು ವಾರ ನಡೆಯಿತು. ಬ್ಯಾಗು ಬೇಕಾದಾಗ ಬೆನ್ನಿಗೆ, ಬೇಡದಾಗ ನೆಲಕ್ಕೆ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಬೆಳಗ್ಗೆ ಸಂಜೆ ಮಾಡಿದಳು. ಜೋಮು ಒಂದೇ ಸಲ ಹೋಗಲಿಲ್ಲ. ಇವತ್ತು ಹೆಬ್ಬೆರಳು ಬಂತು ಸಾರ್, ಇವತ್ತು ತೋರುಬೆರಳು ಎಂದು ಫೋನಿನಲ್ಲಿ ಊರಿಗೆ ನೆಂಟರು ಬಂದ ಹಾಗೆ ಹೇಳುತ್ತಿದ್ದಳು. ಸಾಹೇಬರು ಫೋಟೋಗಳನ್ನು ನೋಡಿ, ಮುಂದಿನ ತಿಂಗಳು ನಾಗಮಂಗಲ ತಾಲ್ಲೂಕು ಪೂರ್ತಿ ನಿನ್ನದೇ ಎಂದು ಸಹಿ ಹಾಕಿದರಂತೆ.

ಕೊನೆಯ ದಿನ ಬರಲೇಬೇಕೆಂದು ನನ್ನನ್ನು ಹೊಸಹೊಳಲಿಗೆ ಕರೆಸಿಕೊಂಡಳು. ನೀವೂ ಒಂದ್ಸಲ ಮಲಗಿ ನೋಡಿ ಎಂದು ಹಟ ಹಿಡಿದಳು. ಕಂಬ ಹಿಡಿದು ಕೂತು, ಒಂದು ಪಕ್ಕಕ್ಕೆ ಒರಗಿ, ಹೇಗೋ ಮಲಗಿದೆ. ಕಲ್ಲಿನ ತಂಪು ಹೆಗಲಿಗೆ ತಾಗಿತು. ಮೇಲೆ ಆ ಕಮಲ, ಅದರ ಸುತ್ತ ಕುಣಿಯುವವರು, ಬಾರಿಸುವವರು. ಅಷ್ಟು ಹೊತ್ತು ನಾನು ಅದನ್ನು ಯಾವತ್ತೂ ನೋಡಿರಲಿಲ್ಲ, ತೆಗೆದಿದ್ದೆ ಅಷ್ಟೇ. ನೋಡಿ ಸಾಕಾದ ಮೇಲೆ ಏಳಲು ಹೋದರೆ ಎಡಗೈ ಊರಲು ಆಗಲಿಲ್ಲ. ಆಮೆಯನ್ನು ಮಗುಚಿ ಹಾಕಿದ ಹಾಗಾಯಿತು ನನ್ನ ಪಾಡು.

ಸವಿತ ನಗುತ್ತಾ ಬಂದು ಬಲಗೈ ಚಾಚಿದಳು. "ಇಡ್ಕಳಿ ಸಾರ್."

ನೋವಾದೀತು ಬಿಡವ್ವ, ಯಾರನ್ನಾದರೂ ಕರೆ ಎಂದೆ. ಅವಳು ಕೇಳಲಿಲ್ಲ. ನನ್ನ ಕೈ ಹಿಡಿದು ಎಳೆದಳು. ನಾನೇನು ಹಗುರದ ಆಸಾಮಿಯಲ್ಲ. ಪೂರ್ತಿ ಎದ್ದು ನಿಲ್ಲುವವರೆಗೆ ಐದರಲ್ಲಿ ಒಂದು ಬೆರಳೂ ಸಡಿಲಲಿಲ್ಲ.